ಬಿರುಕು ಎಷ್ಟು ಆಳಕ್ಕಿದೆ? ಕಲಾದಗಿ ಬೇಸಿನ್ನಿನ ಅಡಿಯ ಪ್ರಶ್ನೆ ಮತ್ತು ಸೀಸ್ಮಿಕ್ ಸರ್ವೆಯ ಗೊಂದಲ

ವಿಜಯಪುರ, ಕಲಬುರಗಿ ಕಡೆ ನೆಲ ಅದುರಿದ ಸುದ್ದಿ ಬಂದಾಗಲೆಲ್ಲ ಹುಬ್ಬಳ್ಳಿ-ಧಾರವಾಡದ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದಕ್ಕೊಂದು ಗಂಟುಬಿದ್ದು ಓಡಾಡುತ್ತವೆ. ಒಂದು, ಭೂಕಂಪ. ಇನ್ನೊಂದು, ತೈಲ ಮತ್ತು ಅನಿಲ ಹುಡುಕಲು ನೆಲವನ್ನು ಬೇಕೆಂದೇ ಅಲುಗಿಸುವ ಸೀಸ್ಮಿಕ್ ಸರ್ವೆ. ‘ಸರ್ವೆಯವರು ಗುಂಡಿ ತೋಡಿ ಮದ್ದು ಸಿಡಿಸಿದ್ದರಿಂದಲೇ ನೆಲ ನಡುಗಿತು’ ಎಂದು ಒಬ್ಬರು ಬರೆದರೆ, ‘ಸರ್ವೆ ಮಾಡಿದರೆ ಭೂಕಂಪ ಯಾವಾಗ ಬರುತ್ತದೆಂದು ಮೊದಲೇ ಗೊತ್ತಾಗುತ್ತದೆ, ಸರ್ಕಾರ ಮುಚ್ಚಿಡುತ್ತಿದೆ’ ಎಂದು ಇನ್ನೊಬ್ಬರು ಬರೆಯುತ್ತಾರೆ. ಎರಡೂ ತಪ್ಪು. ಆದರೆ ಇಂಥ ತಪ್ಪು ಹುಟ್ಟುವುದಕ್ಕೆ ಕಾರಣಗಳಿವೆ, ಅವನ್ನು ನಕ್ಕು ತಳ್ಳಿಹಾಕುವಂತಿಲ್ಲ.

ಈ ಗಲಾಟೆಯಲ್ಲಿ ನಿಜವಾಗಿ ಕೇಳಬೇಕಾದ ಪ್ರಶ್ನೆ ಹಿಂದೆ ಬಿದ್ದಿದೆ. ಧಾರವಾಡ ಮತ್ತು ಗದಗ ಜಿಲ್ಲೆಗಳ ಉತ್ತರಕ್ಕೆ ಹಬ್ಬಿರುವ ಕಲಾದಗಿ ಬೇಸಿನ್ನಿನಲ್ಲಿ (ಬೇಸಿನ್ ಎಂದರೆ ಮರಳು, ಕೆಸರು ತುಂಬಿ ಕಲ್ಲಾದ ಪುರಾತನ ತಗ್ಗು) ಕಾಣುವ ಬಿರುಕುಗಳು ಮೇಲುಮೇಲಿನವೋ, ಭೂತೊಗಟೆಯ ಒಳಕ್ಕೆ ಇಳಿದವೋ? ಭೂಕಂಪದ ಅಪಾಯ, ಅಂತರ್ಜಲ, ಖನಿಜ ಎಲ್ಲವೂ ಒಂದಿಲ್ಲೊಂದು ರೀತಿಯಲ್ಲಿ ಈ ಪ್ರಶ್ನೆಗೇ ಬಂದು ನಿಲ್ಲುತ್ತವೆ.

ನಮ್ಮ ಕಾಲಡಿ ಇರುವುದು

ಹುಬ್ಬಳ್ಳಿ, ಧಾರವಾಡ, ಹಾವೇರಿ, ಗದಗ ಇವೆಲ್ಲ ಕೂತಿರುವುದು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯ ಶಿಲೆಗಳ ಮೇಲೆ. ಇವುಗಳಿಗೆ ಧಾರವಾಡದ ಹೆಸರನ್ನು ಕೊಟ್ಟವರು ಹತ್ತೊಂಬತ್ತನೇ ಶತಮಾನದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಗದುಗಿನಿಂದ ಚಿತ್ರದುರ್ಗದ ಮೂಲಕ ಶ್ರೀರಂಗಪಟ್ಟಣದ ಕಡೆಗೆ ಸಾಗುವ ಶಿಲಾಪಟ್ಟಿಯ ಪೂರ್ವದ ಅಂಚಿನಲ್ಲಿ ಬಂಡೆಗಳು ಒಂದಕ್ಕೊಂದು ಉಜ್ಜಿ ನುರಿದುಹೋದ ಉದ್ದನೆಯ ವಲಯವೊಂದಿದೆ. ಧಾರವಾಡ ಶಿಲಾಪ್ರಾಂತವನ್ನು ಪಶ್ಚಿಮ, ಪೂರ್ವ ಎಂದು ಎರಡು ಹೋಳಾಗಿ ಭೂವಿಜ್ಞಾನಿಗಳು ಬೇರ್ಪಡಿಸುವುದು ಸಾಮಾನ್ಯವಾಗಿ ಇಲ್ಲಿಯೇ.

ಉತ್ತರಕ್ಕೆ ಹೋದಂತೆ ಈ ಹಳೆಯ ಶಿಲೆಗಳು ಕಣ್ಮರೆಯಾಗಿ ಅವುಗಳ ಮೇಲೆ ಹೊಸ ಪದರಗಳು ಶುರುವಾಗುತ್ತವೆ. ಹೊಸವು ಎಂದರೂ ಕೆಳಗಿನ ಬಾಗಲಕೋಟೆ ಗುಂಪಿನ ಶಿಲೆಗಳಿಗೆ ನೂರು ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಸವದತ್ತಿಯ ಬಳಿ ಮಲಪ್ರಭೆ ಕೊರೆದುಕೊಂಡು ಹೋಗುವ ನವಿಲುತೀರ್ಥದ ಬೆಣಚುಕಲ್ಲಿನ ಗುಡ್ಡ, ಗೋಕಾಕದ ಜಲಪಾತ ಬೀಳುವ ಬಂಡೆ, ಲೋಕಾಪುರ ಮತ್ತು ಬಾಗಲಕೋಟೆಯ ಸಿಮೆಂಟ್ ಕಾರ್ಖಾನೆಗಳಿಗೆ ಹೋಗುವ ಸುಣ್ಣಕಲ್ಲು, ಬಾದಾಮಿಯ ಗುಹೆಗಳನ್ನು ಕಡೆದ ಮರಳುಗಲ್ಲು ಎಲ್ಲವೂ ಈ ಬೇಸಿನ್ನಿನ ಸಂಗ್ರಹ. ಗದಗ ಜಿಲ್ಲೆಯ ಗಜೇಂದ್ರಗಡದ ಗುಡ್ಡ ಇದರ ಆಗ್ನೇಯ ಅಂಚಿಗೆ ಸೇರುತ್ತದೆ. ಇನ್ನೂ ಉತ್ತರಕ್ಕೆ ಹೋದರೆ ಇದೆಲ್ಲವನ್ನೂ ಲಾವಾ ಹರಿದು ಹೆಪ್ಪುಗಟ್ಟಿದ ದಖ್ಖನ್ ಬಸಾಲ್ಟ್ ಕಲ್ಲು ಮುಚ್ಚಿಬಿಡುತ್ತದೆ.

ಬಾದಾಮಿಯಲ್ಲಿ ನಿಂತು ಬಂಡೆಯ ಗೋಡೆಯನ್ನು ನೋಡಿದರೆ ಪದರಗಳು ಹೆಚ್ಚುಕಡಿಮೆ ಅಡ್ಡಡ್ಡಲಾಗಿ, ಒಂದರ ಮೇಲೊಂದು ನೆಟ್ಟಗೆ ಕೂತಿವೆ. ಅದೇ ಲೋಕಾಪುರ, ಬಾಗಲಕೋಟೆ ಕಡೆ ಹೋದರೆ ಪದರಗಳು ಓರೆಯಾಗಿವೆ, ಮಡಚಿವೆ, ಕೆಲವೆಡೆ ಸ್ತರಭಂಗದಿಂದ, ಅಂದರೆ ಎರಡು ಮಗ್ಗುಲಿನ ಬಂಡೆ ಒಂದಕ್ಕೊಂದು ಜಾರಿದ ಬಿರುಕಿನಿಂದ, ತುಂಡಾಗಿವೆ. ಇದರ ಅರ್ಥ ಸ್ಪಷ್ಟ. ಕೆಳಗಿನ ಬಾಗಲಕೋಟೆ ಗುಂಪಿನ ಶಿಲೆಗಳು ಮಡಚಿ, ಸವೆದು, ಅದಾದ ಮೇಲೆ ಬಾದಾಮಿಯ ಮರಳು ಬಂದು ಕೂತಿತು. ದೊಡ್ಡ ಮಡಿಕೆಗಳ ಕೆಲಸ ಮುಗಿದುಹೋಗಿ ಯುಗಗಳೇ ಕಳೆದಿವೆ. ಲೋಕಾಪುರ ಉಪಗುಂಪಿನ ಶಿಲೆಗಳಲ್ಲಿ ಕೆಸರು ಇನ್ನೂ ಹಸಿಯಾಗಿದ್ದಾಗಲೇ ಅಲುಗಿ ಸುರುಳಿಗಟ್ಟಿದ ಪದರಗಳು ಸಿಕ್ಕಿವೆ. ಅವು ಆ ಕಾಲದ ಭೂಕಂಪಗಳ ಗುರುತೆಂದು ಸಂಶೋಧಕರು ವಾದಿಸಿದ್ದಾರೆ. ಅಂದರೆ ಬೇಸಿನ್ ತುಂಬುತ್ತಿದ್ದಾಗಲೇ ಅದರ ತಳ ಸುಮ್ಮನಿರಲಿಲ್ಲ.

ಜಮಖಾನೆ ಮಡಚಿದ್ದೋ, ನೆಲವೇ ಸೀಳಿದ್ದೋ

ಭೂವಿಜ್ಞಾನಿಗಳಲ್ಲಿ ಒಮ್ಮತವಿಲ್ಲದಿರುವುದು ಇಲ್ಲಿ. ನಯವಾದ ನೆಲದ ಮೇಲೆ ಹಾಸಿದ ನವಲಗುಂದದ ಜಮಖಾನೆಯನ್ನು ಒಂದು ತುದಿಯಿಂದ ದೂಡಿದರೆ ಅದು ಮಡಿಕೆ ಮಡಿಕೆಯಾಗಿ ಏಳುತ್ತದೆ. ಕೆಳಗಿನ ನೆಲಕ್ಕೆ ಏನೂ ಆಗಿರುವುದಿಲ್ಲ. ನೆಲದ ಹಾಸುಗಲ್ಲೇ ಸೀಳಿ ಒಂದು ಕಡೆ ತಗ್ಗಿದರೂ ಮೇಲಿನ ಜಮಖಾನೆ ಸುಕ್ಕಾಗುತ್ತದೆ. ಮೇಲಿನಿಂದ ನೋಡಿದವನಿಗೆ ಎರಡರಲ್ಲೂ ಕಾಣುವುದು ಸುಕ್ಕೇ.

ಒಂದು ಪಕ್ಷದ ಪ್ರಕಾರ ಕಲಾದಗಿಯ ಮಡಿಕೆಗಳು ಮೊದಲ ಬಗೆಯವು: ಜೇಡಿಯಂಥ ಮೆತ್ತನೆಯ ಪದರದ ಮೇಲೆ ಮೇಲಿನ ಶಿಲಾರಾಶಿ ತನ್ನದೇ ಭಾರಕ್ಕೆ ಜಾರಿದಾಗ ಆದ ಸುಕ್ಕು. ಇನ್ನೊಂದು ಪಕ್ಷದ ಪ್ರಕಾರ ತಳದ ಗ್ರಾನೈಟ್ ಮತ್ತು ನೈಸ್ ಶಿಲೆಗಳೇ ಸ್ತರಭಂಗಗಳಿಂದ ಹೋಳುಹೋಳಾಗಿ ಏರಿಳಿದಿವೆ, ಮೇಲಿನ ಮಡಿಕೆಗಳು ಅದರ ಪರಿಣಾಮ. ಬೇರೆ ಬೇರೆ ಭಾಗಗಳಲ್ಲಿ ಎರಡೂ ನಡೆದಿರಬಹುದು ಎಂಬ ಮಧ್ಯದ ದಾರಿಯೂ ಇದೆ.

ನಡುಗುವ ಮನೆಯವನಿಗೆ ಇದರಿಂದ ಏನು? ಬಹಳವಿದೆ. ಭೂಕಂಪದ ಪ್ರಮಾಣ ನಿರ್ಧಾರವಾಗುವುದು ಸ್ತರಭಂಗದ ಎಷ್ಟು ಅಗಲದ ಮೈ ಒಮ್ಮೆಲೇ ಜಾರಿತು ಎಂಬುದರ ಮೇಲೆ. ಆರರ ಪ್ರಮಾಣದ ಕಂಪನಕ್ಕೆ ಸ್ಥೂಲವಾಗಿ ನೂರು ಚದರ ಕಿ.ಮೀ. ಬೇಕು. ಸ್ತರಭಂಗ ಹತ್ತು ಕಿ.ಮೀ. ಆಳಕ್ಕೆ ಇಳಿದಿದ್ದರೆ ಹತ್ತು ಕಿ.ಮೀ. ಉದ್ದ ಸಾಕು. ಅದು ಮೇಲಿನ ಎರಡು ಕಿ.ಮೀ. ಪದರದಲ್ಲೇ ಮುಗಿದಿದ್ದರೆ ಐವತ್ತು ಕಿ.ಮೀ. ಉದ್ದಕ್ಕೂ ಒಮ್ಮೆಗೇ ಜಾರಬೇಕು. ಅಂಥ ಸಂಭವ ತೀರಾ ಕಡಿಮೆ. ಹಾಗಾಗಿ ಮೇಲೆ ಕಾಣುವ ಬಿರುಕಿನ ಉದ್ದಕ್ಕಿಂತ ಕಾಣದಿರುವ ಆಳವೇ ಮುಖ್ಯ.

ಹಳೆಯ ಬಿರುಕು ಎಂದಮಾತ್ರಕ್ಕೆ ಸತ್ತ ಬಿರುಕು ಎಂದೂ ಅಲ್ಲ. ಭಾರತದ ಭೂಫಲಕ ಇಂದಿಗೂ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರಿನಂತೆ ಉತ್ತರಕ್ಕೆ ಸಾಗಿ ಏಷ್ಯಾವನ್ನು ಒತ್ತುತ್ತಿದೆ. ಆ ಒತ್ತಡ ಹೊಸ ದಾರಿ ಹುಡುಕುವುದಕ್ಕಿಂತ ಹಳೆಯ ದುರ್ಬಲ ಜಾಗದಲ್ಲೇ ಸಡಿಲವಾಗುವುದು ಹೆಚ್ಚು.

ಸರ್ವೆ ನಡೆಯುವ ಬಗೆ

ಹೊಲದಲ್ಲಿ ನಡೆಯುವ ಕೆಲಸ ನೋಡಲು ಸರಳ. ಗೊತ್ತುಪಡಿಸಿದ ಗೆರೆಯೊಂದರ ಉದ್ದಕ್ಕೂ ಕೇಬಲ್ ಎಳೆದು, ನಿಗದಿತ ಅಂತರಕ್ಕೊಂದರಂತೆ ಜಿಯೋಫೋನ್ ಎಂಬ ಪುಟ್ಟ ಸಾಧನಗಳನ್ನು ಮಣ್ಣಿಗೆ ಚುಚ್ಚುತ್ತಾರೆ. ಮುಷ್ಟಿಯಲ್ಲಿ ಹಿಡಿಸುವಷ್ಟೇ ಗಾತ್ರ, ಕೆಳಗೊಂದು ಮೊಳೆ. ಒಳಗೆ ಸ್ಪ್ರಿಂಗಿಗೆ ತೂಗಿಬಿಟ್ಟ ತಂತಿಸುರುಳಿ ಮತ್ತು ಅಯಸ್ಕಾಂತ. ನೆಲ ಕದಲಿದಾಗ ಅಯಸ್ಕಾಂತ ನೆಲದ ಜೊತೆ ಕದಲುತ್ತದೆ, ಸುರುಳಿ ಇದ್ದಲ್ಲೇ ಇರಲು ನೋಡುತ್ತದೆ. ಆ ವ್ಯತ್ಯಾಸದಿಂದ ಹುಟ್ಟುವ ಅತಿ ಸಣ್ಣ ವಿದ್ಯುತ್ತು ಕೇಬಲ್ಲಿನಲ್ಲಿ ಹರಿದು ದಾಖಲಾಗುತ್ತದೆ. ದೂರದಲ್ಲಿ ದನ ನಡೆದರೂ, ಗಾಳಿಗೆ ಗಿಡ ಅಲುಗಿದರೂ ಅದಕ್ಕೆ ಗೊತ್ತಾಗುತ್ತದೆ. ಗಜೇಂದ್ರಗಡದಂಥ ಗಾಳಿಯಂತ್ರಗಳ ಗುಡ್ಡದ ಬಳಿ ಸರ್ವೆಯವರಿಗೆ ಇದೊಂದು ತಲೆನೋವು.

ನೆಲವನ್ನು ಅಲುಗಿಸುವುದಕ್ಕೆ ಎರಡು ದಾರಿ. ಒಂದು, ಕೆಲವು ಮೀಟರಿನಿಂದ ಕೆಲವು ಹತ್ತು ಮೀಟರ್ ಆಳದ ಕಿರಿದಾದ ಗುಂಡಿ ಕೊರೆದು, ತಳದಲ್ಲಿ ಸ್ವಲ್ಪ ಸ್ಫೋಟಕವಿಟ್ಟು, ಮೇಲೆ ಮಣ್ಣು ತುಂಬಿ ಸಿಡಿಸುವುದು. ಇನ್ನೊಂದು, ಭಾರದ ಲಾರಿಯೊಂದು ತನ್ನ ಹೊಟ್ಟೆಯಡಿಯ ಉಕ್ಕಿನ ಫಲಕವನ್ನು ನೆಲಕ್ಕೊತ್ತಿ, ನಿಧಾನ ಕಂಪನದಿಂದ ವೇಗದ ಕಂಪನಕ್ಕೆ ಏರುತ್ತ ಕೆಲವು ಸೆಕೆಂಡು ಅಲುಗಿಸುವುದು. ಊರು, ರಸ್ತೆ ಇರುವಲ್ಲಿ ಎರಡನೆಯದೇ ಅನುಕೂಲ.

ಅಲೆ ಕೆಳಕ್ಕೆ ಹೋಗುತ್ತದೆ. ಬೇರೆ ಗುಣದ ಶಿಲೆ ಎದುರಾದಲ್ಲಿ ಅದರ ಒಂದು ಪಾಲು ಮರಳಿ ಮೇಲಕ್ಕೆ ಬರುತ್ತದೆ. ಸಡಿಲ ಮಣ್ಣಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಕೆಲವು ನೂರು ಮೀಟರ್, ಗ್ರಾನೈಟಿನಲ್ಲಿ ಆರು ಕಿ.ಮೀ. ಸುತ್ತಮುತ್ತ, ಭೂತೊಗಟೆ ಮುಗಿದು ಮ್ಯಾಂಟಲ್ ಶುರುವಾದಲ್ಲಿ ಸುಮಾರು ಎಂಟು ಕಿ.ಮೀ. ಆ ಕೊನೆಯ ಜಿಗಿತವನ್ನು 1909ರಲ್ಲಿ ಗುರುತಿಸಿದ ಕ್ರೊಯೇಷಿಯಾದ ವಿಜ್ಞಾನಿ ಮೊಹೊರೊವಿಚಿಚ್ ಅವರ ಹೆಸರಿನಿಂದ ಆ ಗಡಿಯನ್ನು ಚುಟುಕಾಗಿ ಮೊಹೊ ಎನ್ನುತ್ತಾರೆ.

ಹನ್ನೆರಡೂವರೆ ಸೆಕೆಂಡು

ಈಗ ಒಂದು ಸಣ್ಣ ಲೆಕ್ಕ. ಮೊಹೊ ನಲವತ್ತು ಕಿ.ಮೀ. ಆಳದಲ್ಲಿದೆ ಎಂದುಕೊಳ್ಳೋಣ. ಅಲೆ ಹೋಗಿಬರುವ ದಾರಿ ಎಂಬತ್ತು ಕಿ.ಮೀ. ಸರಾಸರಿ ವೇಗ 6.4 ಕಿ.ಮೀ. ಎಂದರೆ ಹನ್ನೆರಡೂವರೆ ಸೆಕೆಂಡಿಗೆ ಪ್ರತಿಧ್ವನಿ ಬರುತ್ತದೆ. ತೈಲ ಹುಡುಕುವವರಿಗೆ ಇಷ್ಟು ಹೊತ್ತು ಕಾಯುವ ಅಗತ್ಯವಿಲ್ಲ. ಅವರಿಗೆ ಬೇಕಾದ ಪದರಗಳು ಮೇಲಿನ ಕೆಲವು ಕಿ.ಮೀ.ಗಳಲ್ಲೇ ಇರುವುದರಿಂದ ಸಾಮಾನ್ಯವಾಗಿ ಐದಾರು ಸೆಕೆಂಡು ದಾಖಲಿಸಿದರೆ ಅವರ ಕೆಲಸ ಮುಗಿಯಿತು. ಅಷ್ಟು ಹೊತ್ತಿನಲ್ಲಿ ತೊಗಟೆಯ ಮೇಲಿನ ಅರ್ಧ ಭಾಗವೂ ಪೂರ್ತಿಯಾಗಿ ಸಿಗುವುದಿಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. 2016ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಸೀಸ್ಮಿಕ್ ಕಾರ್ಯಕ್ರಮವನ್ನು ಆರಂಭಿಸಿತು. ದೇಶದ ಬೇಸಿನ್ನುಗಳಲ್ಲಿ ಅದುವರೆಗೆ ಪರಿಶೀಲಿಸದೆ ಉಳಿದ ಭಾಗಗಳಲ್ಲಿ 48,243 ಲೈನ್ ಕಿ.ಮೀ. (ಸರ್ವೆ ಗೆರೆಗಳ ಒಟ್ಟು ಉದ್ದ) ಸರ್ವೆ ನಡೆಸುವುದು ಅದರ ಗುರಿಯಾಗಿತ್ತು. ಹೊಣೆ ಹೊತ್ತವು ಒಎನ್‌ಜಿಸಿ ಮತ್ತು ಆಯಿಲ್ ಇಂಡಿಯಾ. ದೇಶದಲ್ಲಿ ಗುರುತಿಸಿರುವ 26 ಬೇಸಿನ್ನುಗಳಲ್ಲಿ ಭೀಮಾ-ಕಲಾದಗಿಯೂ ಒಂದು. ಆದರೆ ಅದು ಮೂರನೇ ದರ್ಜೆಯದು, ತೈಲ ಸಿಗಬಹುದೆಂಬ ಊಹೆ ಮಾತ್ರ ಇರುವ ಸಾಲಿನದು. ಮುಂಬೈ ಕಡಲಿನ ತೈಲಕ್ಷೇತ್ರ ಬಾಂಬೆ ಹೈ ನಮ್ಮೂರಿನಲ್ಲೇ ಹುಟ್ಟುತ್ತದೆಂದು ಹೊಲದ ದರ ಏರಿಸುವವರು ಇದನ್ನು ಗಮನಿಸುವುದು ಒಳ್ಳೆಯದು.

ತೈಲದ ಸರ್ವೆಯ ಉಪಕರಣಗಳಿಂದಲೇ ತೊಗಟೆಯ ತಳದವರೆಗೆ ನೋಡಬಹುದು ಎಂಬುದು ಹೊಸ ವಿಚಾರವಲ್ಲ. ಅಮೆರಿಕದಲ್ಲಿ 1975ರಲ್ಲಿ ಶುರುವಾದ ಕೊಕಾರ್ಪ್ ಯೋಜನೆ ಮಾಡಿದ್ದು ಅದನ್ನೇ. ಕಂಪನದ ಲಾರಿಗಳು ಅವೇ, ಕೇಳಿಸಿಕೊಂಡ ಹೊತ್ತು ಮಾತ್ರ ಹೆಚ್ಚು. ನಮ್ಮಲ್ಲೂ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ರಾಜಸ್ಥಾನದ ನಾಗೌರ್-ಝಾಲಾವಾಡ ಗೆರೆಯಲ್ಲಿ, ಆಮೇಲೆ ದಕ್ಷಿಣದ ಕುಪ್ಪಂ-ಪಳನಿ ಗೆರೆಯಲ್ಲಿ ಆಳದ ಪ್ರತಿಫಲನ ಸರ್ವೆ ನಡೆಸಿತು.

ತೈಲಕ್ಕಾಗಿ ಲಾರಿ ಹೇಗೂ ಹೊಲಕ್ಕಿಳಿಯುವ ಕಡೆ, ದಾಖಲಾತಿಯನ್ನು ಇಪ್ಪತ್ತು ಸೆಕೆಂಡಿಗೆ ವಿಸ್ತರಿಸಬೇಕೆಂದು ಕೇಳುವುದು ನ್ಯಾಯವೆಂದೇ ಈ ಲೇಖಕನ ಅಭಿಪ್ರಾಯ. ಇದಕ್ಕೆ ತಕರಾರುಗಳೂ ಇವೆ. ಬಟನ್ ಒತ್ತಿಹಿಡಿದಮಾತ್ರಕ್ಕೆ ಆಳದ ಸದ್ದು ಬರುವುದಿಲ್ಲ. ನಲವತ್ತು ಕಿ.ಮೀ. ಹೋಗಿಬರುವಷ್ಟರಲ್ಲಿ ಅಲೆ ಸೊರಗಿರುತ್ತದೆ. ಹೆಚ್ಚು ಶಕ್ತಿಯ ಮೂಲ ಬೇಕು, ಇಲ್ಲವೇ ಅದೇ ಜಾಗದಲ್ಲಿ ಹಲವು ಬಾರಿ ಅಲುಗಿಸಿ ಕೂಡಿಸಬೇಕು. ಎರಡಕ್ಕೂ ಹಣ ಬೇಕು. ತೈಲ ಕಂಪನಿ ತನಗೆ ಬೇಡದ್ದಕ್ಕೆ ಏಕೆ ಖರ್ಚು ಮಾಡಬೇಕೆಂಬ ವಾದ ಸುಳ್ಳಲ್ಲ. ಅದಕ್ಕೆ ಉತ್ತರ ಕೊಡಬೇಕಾದದ್ದು ಕಂಪನಿಯಲ್ಲ, ವಿಜ್ಞಾನದ ಬಜೆಟ್ಟು.

ಐವತ್ತು ವರ್ಷದ ಹಿಂದಿನ ಗೆರೆ

ತೊಗಟೆಯನ್ನು ಅಳೆಯುವ ಇನ್ನೊಂದು ವಿಧಾನದಲ್ಲಿ ಅಲೆ ನೇರ ಮರಳುವುದನ್ನು ಕಾಯುವುದಿಲ್ಲ. ಮೊಹೊದ ಮೈಗುಂಟ ಓಡಿ ಬಹುದೂರದಲ್ಲಿ ಮೇಲೇಳುವ ಅಲೆಯನ್ನು ಹಿಡಿಯುತ್ತಾರೆ. ಇದಕ್ಕೆ ಉಪಕರಣಗಳು ಇನ್ನೂರು ಕಿ.ಮೀ. ದೂರದವರೆಗೂ ಹರಡಿರಬೇಕು. ಭಾರತದಲ್ಲಿ ಈ ಬಗೆಯ ಮೊದಲ ಸರ್ವೆ ನಡೆದದ್ದು ಧಾರವಾಡ ಶಿಲಾಪ್ರಾಂತದ ಮೇಲೆಯೇ. 1972ರಿಂದ ಸೋವಿಯತ್ ಸಹಕಾರದಲ್ಲಿ ಆಂಧ್ರದ ಕಾವಲಿಯಿಂದ ನಮ್ಮ ಉಡುಪಿಯವರೆಗೆ, ಕರಾವಳಿಯಿಂದ ಕರಾವಳಿಗೆ. ಆ ಗೆರೆಯಡಿ ಮೊಹೊ 34ರಿಂದ 41 ಕಿ.ಮೀ. ಆಳದಲ್ಲಿ ಸಿಕ್ಕಿತು. ಅಲ್ಲಲ್ಲಿ ಅದು ಮೆಟ್ಟಿಲಿನಂತೆ ಏರಿಳಿದದ್ದೂ ಕಂಡಿತು. ಆಳದ ಸ್ತರಭಂಗಗಳ ಕಲ್ಪನೆಗೆ ಬಲ ಬಂದದ್ದು ಅಲ್ಲಿಂದ.

ಆಮೇಲೆ ಸ್ಫೋಟವಿಲ್ಲದೆ, ದೂರದೇಶಗಳ ಭೂಕಂಪದ ಅಲೆಗಳನ್ನೇ ಬಳಸಿ ನಡೆಸಿದ ಅಧ್ಯಯನಗಳು ಪಶ್ಚಿಮದ ಹೋಳಿನಲ್ಲಿ ತೊಗಟೆ ಹೆಚ್ಚು ದಪ್ಪ, ಕೆಲವೆಡೆ ಐವತ್ತು ಕಿ.ಮೀ. ದಾಟುವಷ್ಟು, ಪೂರ್ವದಲ್ಲಿ ಮೂವತ್ತೈದರ ಆಸುಪಾಸು ಎಂದು ತೋರಿಸಿವೆ. ಆದರೆ ಇಂಥ ಅಧ್ಯಯನ ಒಂದೊಂದು ಕೇಂದ್ರದ ಅಡಿಯ ದಪ್ಪವನ್ನು ಹೇಳುತ್ತದೆಯೇ ಹೊರತು, ಎರಡು ಕೇಂದ್ರಗಳ ನಡುವೆ ಯಾವ ಸ್ತರಭಂಗ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ಅಷ್ಟು ಸೂಕ್ಷ್ಮವಾಗಿ ಹೇಳಲಾರದು. ಕಾವಲಿ-ಉಡುಪಿ ಗೆರೆಯೋ ಹಾವೇರಿಗಿಂತ ದಕ್ಷಿಣಕ್ಕೆ ಹಾದುಹೋಗಿದೆ, ಕಲಾದಗಿಯನ್ನು ಮುಟ್ಟಿಲ್ಲ.

ಕಲಾದಗಿಯಲ್ಲಿ ಸರ್ವೆ ಮಾಡಿದರೂ ಚಿತ್ರ ಸುಲಭಕ್ಕೆ ಸ್ಪಷ್ಟವಾಗುವುದಿಲ್ಲ. ಸುಣ್ಣಕಲ್ಲಿನ ಜಾತಿಯ ಗಟ್ಟಿ ಡೋಲೊಮೈಟಿನಲ್ಲಿ ಅಲೆಯ ವೇಗ ಗ್ರಾನೈಟಿನ ವೇಗಕ್ಕೆ ಹತ್ತಿರವಾದ್ದರಿಂದ ಎರಡರ ಗಡಿ ಮಬ್ಬಾಗುತ್ತದೆ. ನೆಟ್ಟಗೆ ಇಳಿದ ಸ್ತರಭಂಗ ಅಲೆಯನ್ನು ಮೇಲಕ್ಕೆ ಮರಳಿಸುವುದೇ ಇಲ್ಲ, ಅಕ್ಕಪಕ್ಕದ ಪದರಗಳು ಅಲ್ಲಿ ಕಡಿದುಹೋಗಿರುವುದರಿಂದ ಮಾತ್ರ ಅದರ ಇರವನ್ನು ಊಹಿಸಬೇಕು. ಉತ್ತರದ ಬಸಾಲ್ಟ್ ಮುಚ್ಚಳ ಇನ್ನೊಂದು ತೊಡಕು. ಮೇಲೆ ವೇಗದ ಪದರ, ಕೆಳಗೆ ನಿಧಾನದ ಪದರ ಇದ್ದರೆ ಮೈಗುಂಟ ಓಡುವ ಅಲೆಗೆ ಕೆಳಗಿನದು ಕಾಣುವುದೇ ಇಲ್ಲ. ಮುಚ್ಚಳದಡಿ ಏನಿರಬಹುದೆಂಬುದಕ್ಕೆ ಭೂಕಂಪಕ್ಕೆ ತುತ್ತಾದ ಮಹಾರಾಷ್ಟ್ರದ ಕಿಲ್ಲಾರಿ ಕಹಿ ಉದಾಹರಣೆ. 1993ರ ಸೆಪ್ಟೆಂಬರ್ 30ರ ಮುನ್ನ ಅಲ್ಲೊಂದು ಅಪಾಯದ ಸ್ತರಭಂಗವಿದೆ ಎಂದು ಯಾರೂ ಗುರುತಿಸಿರಲಿಲ್ಲ. ಭೂಕಂಪದ ನಂತರ ಕೊರೆದ 617 ಮೀಟರ್ ಬಾವಿಯಲ್ಲಿ ಮೊದಲ 338 ಮೀಟರ್ ಬರೀ ಬಸಾಲ್ಟ್.

ಸರ್ವೆಯಿಂದ ಭೂಕಂಪವಾಗುತ್ತದೆಯೇ

ಇಲ್ಲ. ಭೂಕಂಪದ ಪ್ರಮಾಣ ಒಂದು ಅಂಕಿ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ, ಎರಡು ಏರಿದರೆ ಸಾವಿರ ಪಟ್ಟು. ಗುಂಡಿಯ ತಳದಲ್ಲಿ ಸಿಡಿಯುವ ಕೆಲವು ಕಿಲೋ ಸ್ಫೋಟಕ ಈ ಏಣಿಯ ತೀರಾ ಕೆಳಗಿನ ಮೆಟ್ಟಿಲು. ಕಲ್ಲುಗಣಿಯ ಒಂದು ದಿನದ ಬ್ಲಾಸ್ಟಿಂಗ್ ಇದಕ್ಕಿಂತ ಎಷ್ಟೋ ದೊಡ್ಡದು.

ಆದರೂ ಮನುಷ್ಯನಿಂದ ಭೂಕಂಪ ಆಗುವುದೇ ಇಲ್ಲವೆಂದು ಹೇಳಿಬಿಡುವ ತಜ್ಞರು ಜನರ ಅನುಮಾನವನ್ನು ಹೆಚ್ಚಿಸುತ್ತಾರೆ, ಏಕೆಂದರೆ ಮಹಾರಾಷ್ಟ್ರದ ಕೊಯ್ನಾ ಎಲ್ಲರಿಗೂ ನೆನಪಿದೆ. ಹುಬ್ಬಳ್ಳಿಯಿಂದ ನೇರ ಅಂತರ 270 ಕಿ.ಮೀ. ಆಸುಪಾಸು. 103 ಮೀಟರ್ ಎತ್ತರದ ಅಣೆಕಟ್ಟು, 1962ರಿಂದ ನೀರು ತುಂಬಿತು, 1967ರ ಡಿಸೆಂಬರ್ 10ರಂದು 6.3ರ ಭೂಕಂಪ. ಅಲ್ಲಿ ಕೆಲಸ ಮಾಡಿದ್ದು ಹಾದುಹೋಗುವ ಅಲೆಯಲ್ಲ, ವರ್ಷಗಟ್ಟಲೆ ಕುಳಿತ ನೀರಿನ ಭಾರ ಮತ್ತು ಬಿರುಕಿಗೆ ಇಳಿದ ನೀರಿನ ಒತ್ತಡ. ಆ ಒತ್ತಡ ಸ್ತರಭಂಗದ ಎರಡು ಮೈಗಳ ಹಿಡಿತವನ್ನು ಸಡಿಲಿಸುತ್ತದೆ, ಮೊದಲೇ ಜಾರಲು ಕಾದಿದ್ದ ಬಂಡೆ ಜಾರುತ್ತದೆ. ಅಮೆರಿಕದ ಒಕ್ಲಹಾಮದಲ್ಲಿ ತೈಲಬಾವಿಗಳ ಕೊಳಕು ನೀರನ್ನು ಆಳಕ್ಕೆ ಒತ್ತಿ ಇಳಿಸಿದಾಗಲೂ ಹೀಗೆಯೇ ಆಯಿತು. 2021ರಲ್ಲಿ ಕಲಬುರಗಿಯ ಗಡಿಕೇಶ್ವರದ ಸುತ್ತ ಆದ ಸಣ್ಣ ಕಂಪನಗಳಿಗೂ ಮಳೆನೀರು ಬಿರುಕುಗಳಿಗೆ ಇಳಿದದ್ದನ್ನು ಒಂದು ಸಂಭವನೀಯ ಕಾರಣವಾಗಿ ಮುಂದಿಡಲಾಗಿತ್ತು.

ಆದ್ದರಿಂದ ಸರ್ವೆಗೂ, ಬಾವಿ ಕೊರೆಯುವುದಕ್ಕೂ, ಆಳಕ್ಕೆ ನೀರು ಒತ್ತುವುದಕ್ಕೂ ಇರುವ ವ್ಯತ್ಯಾಸವನ್ನು ಬೇರೆ ಬೇರೆಯಾಗಿಯೇ ಹಿಡಿಯಬೇಕು. ಮೊದಲನೆಯದಕ್ಕೆ ಹೆದರುವ ಕಾರಣವಿಲ್ಲ. ಮೂರನೆಯದು ಎಂದಾದರೂ ಪ್ರಸ್ತಾವಕ್ಕೆ ಬಂದರೆ ಪ್ರಶ್ನೆ ಕೇಳುವ ಕಾರಣ ಖಂಡಿತ ಇರುತ್ತದೆ, ಮತ್ತು ಆಗ ಉತ್ತರ ಕೊಡಲು ಸರ್ವೆಯ ನಕ್ಷೆ ಕೈಯಲ್ಲಿರಬೇಕಾಗುತ್ತದೆ. ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಕೊಡುವ ನವಿಲುತೀರ್ಥದ ಅಣೆಕಟ್ಟು ಕೊಯ್ನಾದ ಅರ್ಧದಷ್ಟೂ ಎತ್ತರವಿಲ್ಲ. ಅದನ್ನು ಕೊಯ್ನಾದೊಂದಿಗೆ ಹೋಲಿಸಿ ಭಯ ಹುಟ್ಟಿಸುವುದರಲ್ಲಿ ಅರ್ಥವಿಲ್ಲ.

ಗೋಡೆ ಬಿರುಕು, ಬತ್ತಿದ ಬೋರು, ಕಪ್ಪತಗುಡ್ಡ

ರೈತರ ದೂರುಗಳಲ್ಲಿ ಎರಡು ಬಗೆ. ಬೆಳೆ ತುಳಿದರು, ಬದು ಕೆಡಿಸಿದರು, ಗುಂಡಿಯನ್ನು ಸರಿಯಾಗಿ ಮುಚ್ಚದೆ ಹೋದರು ಎಂಬುದು ನ್ಯಾಯವಾದ ದೂರು. ಹಿಂಗಾರಿಯ ಕಡಲೆ, ಜೋಳ ಕೊಯ್ಲಾಗಿ ಹೊಲ ಖಾಲಿಯಾದ ಮೇಲೆ ಸರ್ವೆ ನಡೆಸಿದರೆ ಇದರಲ್ಲಿ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ.

ಗೋಡೆ ಬಿರುಕು ಬಿಟ್ಟಿತು ಎಂಬ ದೂರು ಇನ್ನೊಂದು ಬಗೆಯದು. ನವಲಗುಂದ, ನರಗುಂದ, ರೋಣದ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಸೀಳು ಬಿಡುತ್ತದೆ. ಬುನಾದಿ ಗಟ್ಟಿನೆಲಕ್ಕೆ ಮುಟ್ಟದ ಮನೆ ಪ್ರತಿವರ್ಷ ಏರಿಳಿದು ಬಿರುಕು ಬಿಡುತ್ತದೆ. ಸರ್ವೆ ಬರುವುದೂ ಅದೇ ಬೇಸಿಗೆಯಲ್ಲಿ. ಎರಡೂ ಒಟ್ಟಿಗೆ ಬಂದಾಗ ಒಂದು ಇನ್ನೊಂದರ ತಲೆಗೆ ಹೋಗುವುದು ಸಹಜ. ಕೆಲಸ ಶುರುವಾಗುವ ಮುನ್ನ ಗೆರೆಯ ಹತ್ತಿರದ ಮನೆಗಳ ಗೋಡೆಗಳ ಫೋಟೊ ತೆಗೆದಿಡುವುದು, ಬೋರ್‌ವೆಲ್ಲುಗಳ ನೀರಿನ ಮಟ್ಟ ಬರೆದಿಡುವುದು ಎರಡೂ ಕಡೆಯವರಿಗೆ ಒಳ್ಳೆಯದು. ಖರ್ಚು ಏನೂ ಇಲ್ಲದ ಇಷ್ಟನ್ನು ಮಾಡದೆ ಆಮೇಲೆ ಪಂಚಾಯಿತಿ ಕಟ್ಟೆಯಲ್ಲಿ ವರ್ಷಗಟ್ಟಲೆ ವಾದಿಸುವುದು ನಮ್ಮ ಅಭ್ಯಾಸ.

ಗದಗ ಜಿಲ್ಲೆಯಲ್ಲಿ ಮೂರನೆಯ ಅನುಮಾನವೂ ಇದೆ: ಯಾವ ಸರ್ವೆ ಬಂದರೂ ಅದು ಗಣಿಗಾರಿಕೆಯ ಮೊದಲ ಹೆಜ್ಜೆ ಎಂಬುದು. ಬಂಗಾರದ ಗಣಿಗಳ ಇತಿಹಾಸವಿರುವ, 2019ರಲ್ಲಿ ಕಪ್ಪತಗುಡ್ಡವನ್ನು ವನ್ಯಜೀವಿಧಾಮವಾಗಿ ಉಳಿಸಿಕೊಂಡ ನೆಲದಲ್ಲಿ ಈ ಎಚ್ಚರ ಅತಿಯೆನಿಸುವುದಿಲ್ಲ. ಆದರೆ ಸೀಸ್ಮಿಕ್ ಸರ್ವೆಯ ಲಾರಿ ಅದರ ಗುರುತಲ್ಲ. ಕಡಿದಾಗಿ ನಿಂತ ಶಿಲಾಪಟ್ಟಿಯ ಬಂಗಾರ ಹುಡುಕುವವರು ಮಣ್ಣಿನ ಮಾದರಿ ಒಯ್ಯುತ್ತಾರೆ, ಕೊಳವೆ ಕೊರೆದು ಕಲ್ಲಿನ ತುಂಡು ತೆಗೆಯುತ್ತಾರೆ. ಬೇಸಿನ್ನಿನ ಸ್ತರಭಂಗಗಳಿಗೆ ಬೆಲೆಯಿಲ್ಲವೆಂದೂ ಅಲ್ಲ: ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ಸಿಕ್ಕಿರುವುದು ಭೀಮಾ ಬೇಸಿನ್ನಿನ ಸ್ತರಭಂಗದ ಗುಂಟವೇ.

ನಕ್ಷೆ ಸಿಕ್ಕರೆ ಏನಾಗುತ್ತದೆ

ಭೂಕಂಪದ ದಿನಾಂಕ ಯಾವ ಸರ್ವೆಯಿಂದಲೂ ಸಿಗುವುದಿಲ್ಲ. ಸಿಗುವುದು, ಎಲ್ಲಿ ಎಷ್ಟು ದೊಡ್ಡದು ಸಾಧ್ಯ ಎಂಬ ಅಂದಾಜು. ಭೂಕಂಪ ನಿರೋಧಕ ಕಟ್ಟಡಗಳ ಐಎಸ್ 1893 ಸಂಹಿತೆಯ 2016ರ ಆವೃತ್ತಿಯಲ್ಲಿ ಧಾರವಾಡ ಮೂರನೇ ವಲಯದಲ್ಲಿದೆ, ಬೆಂಗಳೂರು ಎರಡರಲ್ಲಿ. ಈ ವಲಯ ಇಡೀ ಊರಿಗೆ ಒಂದೇ ಅಂಕಿ ಕೊಡುತ್ತದೆ. ಆಳದ ಸ್ತರಭಂಗಗಳ ನಕ್ಷೆ ಮತ್ತು ಮೇಲಿನ ಮಣ್ಣಿನ ದಪ್ಪ ಎರಡೂ ಗೊತ್ತಾದರೆ, ಎರೆಮಣ್ಣು ದಪ್ಪವಿರುವ ಬಡಾವಣೆಗೂ ಗಟ್ಟಿಕಲ್ಲಿನ ಮೇಲಿನ ಬಡಾವಣೆಗೂ ಬೇರೆ ಬೇರೆ ಲೆಕ್ಕ ಹಾಕಬಹುದು. ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಇದು ಖರ್ಚು ಹೆಚ್ಚಿಸಬಹುದು, ಕೆಲವೆಡೆ ಕಡಿಮೆಯೂ ಮಾಡಬಹುದು. ಜಮಖಾನೆಯ ವಾದವೇ ನಿಜವೆಂದು ಕಂಡುಬಂದರೆ ಉತ್ತರ ಕರ್ನಾಟಕದ ಈ ಭಾಗದ ಅಪಾಯದ ಅಂದಾಜು ಇಳಿಯಲೂಬಹುದು ಎಂಬುದನ್ನು ಭಯದ ಸುದ್ದಿ ಹಂಚುವವರು ಹೇಳುವುದಿಲ್ಲ.

ಅಂತರ್ಜಲಕ್ಕೂ ಉಪಯೋಗವುಂಟು. ಗಟ್ಟಿಕಲ್ಲಿನ ಸೀಮೆಯಲ್ಲಿ ಬೋರ್‌ವೆಲ್ಲಿಗೆ ನೀರು ಸಿಗುವುದು ಬಿರುಕು ಇರುವಲ್ಲಿ. ಆದರೆ ತೈಲದ ಸರ್ವೆಯಲ್ಲಿ ಮೇಲಿನ ನೂರಿನ್ನೂರು ಮೀಟರಿನ ಚಿತ್ರ ಮಬ್ಬು, ಆದ್ದರಿಂದ ಅದನ್ನು ನಂಬಿ ನಾಳೆಯೇ ಬೋರು ಕೊರೆಸುವಂತಿಲ್ಲ.

ಕೊನೆಗೆ ಉಳಿಯುವುದು ದತ್ತಾಂಶ ಯಾರ ಕೈಗೆ ಸಿಗುತ್ತದೆ ಎಂಬುದು. ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯದ ರಾಷ್ಟ್ರೀಯ ದತ್ತಾಂಶ ಭಂಡಾರ 2017ರಿಂದ ಇಂಥ ಸರ್ವೆಗಳ ದಾಖಲೆಗಳನ್ನು ಇಡುತ್ತಿದೆ. ಅದು ಮುಖ್ಯವಾಗಿ ತೈಲ ಬ್ಲಾಕ್ ಹರಾಜಿಗೆ ಬರುವವರನ್ನು ಕಣ್ಣಮುಂದಿಟ್ಟುಕೊಂಡ ವ್ಯವಸ್ಥೆ. ಧಾರವಾಡದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿದ್ಯಾರ್ಥಿಗೋ, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೋ ಕಲಾದಗಿಯ ಗೆರೆಗಳ ದಾಖಲೆ ಸುಲಭವಾಗಿ ಸಿಗುವಂತಾದರೆ ಜಮಖಾನೆಯೋ ನೆಲವೋ ಎಂಬ ವಾದ ಒಂದಿಷ್ಟಾದರೂ ಮುಂದೆ ಸರಿದೀತು. ಸರ್ವೆಯ ಸುದ್ದಿ ಬಂದಾಗ ಜನಪ್ರತಿನಿಧಿಗಳು ತೈಲ ಎಷ್ಟಿದೆ ಎಂದು ಕೇಳುವುದರ ಜೊತೆಗೆ, ಎಷ್ಟು ಸೆಕೆಂಡು ದಾಖಲಿಸುತ್ತೀರಿ, ದಾಖಲೆಯನ್ನು ಯಾರಿಗೆ ಕೊಡುತ್ತೀರಿ ಎಂದೂ ಕೇಳಬಹುದು.